ಹದಿನೆಂಟು ವ್ಯಾಟ್

ಚಪ್ಪಲಿ ಕಾಲಿನಿಂದ ಜಾರಿ ಹಿಂದೆಯೇ ಉಳಿದರೂ ಮಾವನಿಗೆ ಗೊತ್ತಾಗುತ್ತಿರಲಿಲ್ಲ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ಬೀದಿಯ ತುದಿಯ ಅಂಗಡಿಗೆ ಹೋಗಿ ಬರುತ್ತಿದ್ದರು. ಬಾಗಿಲಲ್ಲಿ ನಿಂತ ಅತ್ತೆ, "ಇನ್ನೊಂದನ್ನ ಯಾರಿಗೆ ದಾನ ಮಾಡಿ ಬಂದ್ರಿ?" ಎಂದು ಕೇಳಿದಾಗಲೇ ಅವರು ಬಗ್ಗಿ ನೋಡಿಕೊಳ್ಳುತ್ತಿದ್ದುದು. ಜೀವಮಾನವೆಲ್ಲ ಬಸ್ಸು ಓಡಿಸಿದ ಕಾಲುಗಳು ಅವು. ಕ್ಲಚ್ಚಿನ ಮೇಲಿಂದ ಎಷ್ಟು ಭಾರ ತೆಗೆದರೆ ಗಾಡಿ ಕದಲುತ್ತದೆ ಎಂಬುದನ್ನು ಕೂದಲೆಳೆಯಷ್ಟು ಸರಿಯಾಗಿ ಬಲ್ಲ ಪಾದಗಳು ಸಕ್ಕರೆ ಕಾಯಿಲೆ ಬಂದ ಮೇಲೆ ಮೆಲ್ಲಮೆಲ್ಲಗೆ ಮರಗಟ್ಟಿದ್ದವು.

ಅವರನ್ನು ತಪಾಸಣೆಗೆ ಕರೆದುಕೊಂಡು ಹೋಗುತ್ತಿದ್ದುದು ಸೊಸೆ. ಅವಳು ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಪಾಠ ಹೇಳುವವರು ಬೇರೆ. ಉಪಕರಣ ಜೋಡಿಸಿಕೊಡುವುದು, ರೀಡಿಂಗ್ ತೆಗೆಯಲು ಕಲಿಸುವುದು, ಕೊನೆಗೆ ಎಲ್ಲವನ್ನೂ ಒರೆಸಿ ಕಪಾಟಿಗೆ ಸೇರಿಸುವುದು ಅವಳ ಪಾಲಿಗೆ. ಅಲ್ಲಿ ಎಲ್ಲರಿಗೂ ಅವಳು ಲ್ಯಾಬ್ ಮೇಡಂ. ಮಾವ ಆ ಹೆಸರನ್ನು ಮನೆಗೂ ತಂದುಕೊಂಡು, "ಮೇಡಂ, ಕಾಫಿ ಆಯ್ತಾ?" ಎಂದು ರೇಗಿಸುತ್ತಿದ್ದರು. ಕಾಲೇಜಿನಲ್ಲಿ ಯಾರೂ ಅವಳನ್ನು ಅಷ್ಟು ಅಕ್ಕರೆಯಿಂದ ಮೇಡಂ ಎಂದು ಕರೆದದ್ದಿಲ್ಲ.

ಡಾಕ್ಟರು ಮಾವನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ತೆಳ್ಳನೆಯ ನೈಲಾನ್ ಎಳೆಯೊಂದರಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟುತ್ತ ಪರೀಕ್ಷಿಸಿದರು. ಮುಟ್ಟಿದಾಗ ಹೇಳಬೇಕು. ಡಾಕ್ಟರ ಕೈ ಗಾಳಿಯಲ್ಲಿದ್ದಾಗ ಮಾವ, "ಹೂಂ, ಮುಟ್ಟಿದ್ರಿ" ಎಂದರು. ಮುಟ್ಟಿದಾಗ ಸುಮ್ಮನಿದ್ದರು. ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣು ಬಿಟ್ಟ ಮಾವನೂ ನಕ್ಕರು. ಡಾಕ್ಟರು ಮಾತ್ರ ನಗಲಿಲ್ಲ. ಬಿಸಿಯಾದದ್ದು ಏನೇ ಇರಲಿ, ಇವರ ಕಾಲಿಗೆ ತಾಗುವ ಮೊದಲು ಇನ್ನೊಬ್ಬರು ಕೈಯಿಟ್ಟು ನೋಡಬೇಕು ಎಂದು ಅವಳ ಮುಖ ನೋಡಿಯೇ ಹೇಳಿದರು. ಅವಳು ತಲೆಯಾಡಿಸಿದಳು.

ಮುಟ್ಟಿದ್ದು ತಿಳಿಯದ ಕಾಲಿಗೆ ಚಳಿ ಮಾತ್ರ ಅದು ಹೇಗೋ ತಿಳಿಯುತ್ತಿತ್ತು. ಅವರಿದ್ದುದು ಮೂರನೆಯ ಮಹಡಿಯ ಮನೆ, ಟೈಲ್ಸ್ ನೆಲ. ಚಳಿಗಾಲ ಬಂತೆಂದರೆ ಆ ನೆಲ ಸಂಜೆಯ ಹೊತ್ತಿಗೇ ಮಂಜುಗಡ್ಡೆಯಾಗುತ್ತಿತ್ತು. ಮಾವ ಎರಡೆರಡು ಕಾಲುಚೀಲ ಹಾಕಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕಾಲನ್ನು ಒಂದರ ಮೇಲೊಂದು ಹಾಕಿ ಉಜ್ಜುತ್ತ, ಮೂಳೆಯೊಳಗೇ ಚಳಿ ಹೊಕ್ಕಿದೆ ಎನ್ನುತ್ತಿದ್ದರು. ಅದನ್ನು ದಿನಾ ಕೇಳಿ ಕೇಳಿ ಅವಳಿಗೊಂದು ಉಪಾಯ ಹೊಳೆಯಿತು.

ಭಾನುವಾರವಿಡೀ ಕೂತು ಅವಳು ಕಾಲಿಡುವಷ್ಟು ಅಗಲದ ಮ್ಯಾಟ್ ಒಂದನ್ನು ಹೊಲಿದಳು. ದಪ್ಪ ಉಣ್ಣೆ ಬಟ್ಟೆಯ ಎರಡು ಪದರ, ನಡುವೆ ಹೀಟರ್‌ಗಳಲ್ಲಿರುತ್ತದಲ್ಲ ಅಂಥ ನೈಕ್ರೋಮ್ ತಂತಿ, ಹಾವು ಹರಿದ ಹಾಗೆ ಆ ತುದಿಯಿಂದ ಈ ತುದಿಗೆ ಬಳಸಿಕೊಂಡು. ತಂತಿಗೆ ಹನ್ನೆರಡು ವೋಲ್ಟಿನ ಅಡಾಪ್ಟರ್ ಸಿಕ್ಕಿಸಿದಳು. ಮನೆಯ ಕರೆಂಟು ನೇರ ತಾಗುವ ಭಯವಿಲ್ಲ. ಊಟದ ಮೇಜಿನ ಮೇಲೆ ಮೀಟರ್ ಇಟ್ಟು ಅಳೆದಾಗ ತಂತಿಯಲ್ಲಿ ಒಂದೂವರೆ ಆಂಪಿಯರ್ ಹರಿಯುತ್ತಿತ್ತು.

ಮಾವ ಎದುರು ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಅವಳು ವಿದ್ಯಾರ್ಥಿಗಳಿಗೆ ಹೇಳುವ ಹಾಗೆಯೇ ಹೇಳಿದಳು: ವೋಲ್ಟೇಜು ಹನ್ನೆರಡು, ಕರೆಂಟು ಒಂದೂವರೆ. ಹನ್ನೆರಡನ್ನು ಒಂದೂವರೆಯಿಂದ ಭಾಗಿಸಿದರೆ ಎಂಟು. ತಂತಿ ಕರೆಂಟಿಗೆ ಒಡ್ಡುವ ಪ್ರತಿರೋಧ ಎಂಟು ಓಮ್. ಅದೇ ಹನ್ನೆರಡನ್ನು ಒಂದೂವರೆಯಿಂದ ಗುಣಿಸಿದರೆ ಹದಿನೆಂಟು. ಇದು ಕೊಡುವ ಶಾಖ ಹದಿನೆಂಟು ವ್ಯಾಟ್.

"ಭಾಗಿಸಿದ್ರೆ ಅಡ್ಡಿ, ಗುಣಿಸಿದ್ರೆ ಬಿಸಿ. ಅಷ್ಟೇ ತಾನೇ ಮೇಡಂ?" ಎಂದರು ಮಾವ.

ಇಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಚುಟುಕಾಗಿ ಹೇಳಿರಲಿಲ್ಲ. ಕಾಲು ಕಾಯಿಸುವುದಕ್ಕೂ ಗಣಿತ ಬೇಕಾಯಿತೇ ಎಂದು ಅತ್ತೆ ಅಡುಗೆಮನೆಯಿಂದಲೇ ಗೊಣಗಿದರು. ಅತ್ತೆಗೆ ಇಂಥ ವೈರು-ಗೀರುಗಳೆಂದರೆ ಅಷ್ಟಕ್ಕಷ್ಟೆ. ಅವರ ನಂಬಿಕೆಯೇನಿದ್ದರೂ ರಬ್ಬರಿನ ಬಿಸಿನೀರಿನ ಚೀಲದ ಮೇಲೆ. ಅವಳು ಮ್ಯಾಟಿನ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತು ನೋಡಿದಳು. ಬಿಸಿಲಿಗೆ ಹಾಕಿದ ಹಾಸಿಗೆಯಷ್ಟೇ ಬೆಚ್ಚಗೆ. ಆಮೇಲೆ ಮಾವನ ಕಾಲಡಿಗೆ ಇಟ್ಟಳು.

ಮಾವ ಖುಷಿಯಾಗಿಬಿಟ್ಟರು. ಪಕ್ಕದ ಮನೆಯವರು, ಕೆಳಗಿನ ಅಂಗಡಿಯವನು, ನೀರಿನ ಬಿಲ್ಲು ತಂದವನು, ಯಾರು ಬಂದರೂ ಮ್ಯಾಟಿನ ಪ್ರದರ್ಶನ. "ನಮ್ಮ ಸೊಸೆ ಮಾಡಿದ್ದು. ಹದಿನೆಂಟು ವ್ಯಾಟ್" ಎಂದು ಆ ಸಂಖ್ಯೆಯನ್ನೂ ಸೇರಿಸಿಯೇ ಹೇಳುತ್ತಿದ್ದರು. ಅವಳು ನಾಚಿಕೊಂಡು ಒಳಗೆ ಹೋದರೂ ಕಿವಿಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದಳು. ಆ ಹೊಗಳಿಕೆಯ ರುಚಿ ಹತ್ತಿತ್ತು ಅವಳಿಗೆ. ಆಮೇಲೆ ನಡೆದದ್ದನ್ನು ನೆನೆದಾಗಲೆಲ್ಲ ಅವಳು ತನ್ನನ್ನು ಮೊದಲು ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದುದು ಈ ಜಾಗದಲ್ಲೇ.

ಕೆಲವು ವಾರಗಳಾದ ಮೇಲೆ ಮಾವ, ಶಾಖ ಯಾಕೋ ಒಳಗಿಳಿಯುತ್ತಿಲ್ಲ, ಇನ್ನು ಸ್ವಲ್ಪ ಏರಿಸಲಾಗುತ್ತದೆಯೇ ಎಂದು ಕೇಳಿದರು. ಅವಳು ಮ್ಯಾಟಿನ ಹೊಲಿಯದೆ ಬಿಟ್ಟಿದ್ದ ಅಂಚಿನೊಳಗೆ ಕೈ ಹಾಕಿ, ತಂತಿಯ ಒಂದು ತುದಿಗೆ ಕಚ್ಚಿಸಿದ್ದ ಕ್ಲಿಪ್ಪನ್ನು ಬಿಚ್ಚಿ, ಕಾಲು ಭಾಗ ಒಳಗೆ ಸರಿಸಿ ಕಚ್ಚಿಸಿದಳು. ತಂತಿ ಗಿಡ್ಡವಾದರೆ ಅಡ್ಡಿ ಕಡಿಮೆ, ಕರೆಂಟು ಹೆಚ್ಚು. ಆರು ಓಮ್, ಎರಡು ಆಂಪಿಯರ್, ಇಪ್ಪತ್ತನಾಲ್ಕು ವ್ಯಾಟ್. ಆ ಸಲವೂ ಅಂಗೈ ಇಟ್ಟು ನೋಡಿಯೇ ಕೊಟ್ಟಳು.

ಎರಡನೆಯ ಸಲ ಕೇಳಿದ್ದು ಪ್ರಾಯೋಗಿಕ ಪರೀಕ್ಷೆಗಳು ನಡೆಯುತ್ತಿದ್ದ ವಾರದಲ್ಲಿ. ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬರುವವರಿದ್ದರು; ಅವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ಮಾವ, ನಿನ್ನೆಯೆಲ್ಲ ಕಾಲು ಕೊರೆಯಿತು ಎಂದರು. ಅವಳು ಬ್ಯಾಗನ್ನು ಭುಜದಿಂದ ಇಳಿಸದೆಯೇ ಕೂತು, ಕ್ಲಿಪ್ಪನ್ನು ತಂತಿಯ ಅರ್ಧಕ್ಕೆ ತಂದು ಕಚ್ಚಿಸಿದಳು. ಲೆಕ್ಕ ನಾಲಿಗೆ ತುದಿಯಲ್ಲೇ ಇತ್ತು: ನಾಲ್ಕು ಓಮ್, ಮೂರು ಆಂಪಿಯರ್, ಮೂವತ್ತಾರು ವ್ಯಾಟ್. ಹಳೇ ಕಾಲದ ಬಲ್ಬಿಗಿಂತ ಕಡಿಮೆ. ಮ್ಯಾಟನ್ನು ಕಾಲಡಿಗೆ ತಳ್ಳಿ, "ಈಗ ನೋಡಿ ಮಾವ, ಡಬಲ್" ಎಂದು ಹೇಳಿ ಮೆಟ್ಟಿಲಿಳಿದಳು.

ಲೆಕ್ಕ ಸರಿಯಾಗಿತ್ತು. ಆದರೆ ಪೂರ್ತಿಯಾಗಿರಲಿಲ್ಲ. ಮೂವತ್ತಾರು ವ್ಯಾಟ್ ಈಗ ಇಡೀ ತಂತಿಯಲ್ಲಿ ಹರಡಿಕೊಂಡಿರಲಿಲ್ಲ, ಅರ್ಧ ತಂತಿಯಲ್ಲೇ ಕೂತಿತ್ತು. ಅರ್ಧ ಉದ್ದದಲ್ಲಿ ಎರಡು ಪಟ್ಟು ಶಾಖ ಎಂದರೆ ಪ್ರತಿ ಗೇಣು ತಂತಿಯೂ ಮೊದಲಿನ ನಾಲ್ಕು ಪಟ್ಟು ಕಾಯುತ್ತದೆ. ಮ್ಯಾಟಿನ ಬಲಭಾಗ ತಣ್ಣಗೆ, ಎಡಭಾಗ ಕಾದ ಕಾವಲಿ. ಪ್ರತಿ ವರ್ಷ ಲ್ಯಾಬಿನ ಬೋರ್ಡಿನ ಮೇಲೆ ಅವಳೇ ಬರೆದು ತೋರಿಸುತ್ತಿದ್ದ ಸಂಗತಿ ಇದು. ಅಂಗೈಯನ್ನು ಒಂದಿಷ್ಟು ಹೊತ್ತು ಇಟ್ಟಿದ್ದರೆ ಬೋರ್ಡೂ ಬೇಕಾಗುತ್ತಿರಲಿಲ್ಲ.

ಅದೇ ದಿನ ಸಂಜೆ ಕರೆಂಟು ಹೋಯಿತು. ಮ್ಯಾಟ್ ತಣ್ಣಗಾಯಿತು. ತಮ್ಮ ಮಾತು ಗೆದ್ದಿತೆಂಬ ಹುರುಪಿನಲ್ಲಿ ಅತ್ತೆ ನೀರು ಕಾಯಿಸಿ, ರಬ್ಬರ್ ಚೀಲಕ್ಕೆ ತುಂಬಿ, ಟವೆಲ್ ಸುತ್ತಿ ಗಂಡನ ಪಾದದ ಬಳಿ ಇಟ್ಟರು. ಮಾರನೆಯ ಬೆಳಿಗ್ಗೆ ಕಾಲುಚೀಲ ತೆಗೆಯಲು ಹೋದರೆ ಎಡಗಾಲಿನದು ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡಿತ್ತು.

ಆಸ್ಪತ್ರೆಯಲ್ಲಿ ನರ್ಸು ಸಲೈನ್ ಹಾಕಿ ಹಾಕಿ ಕಾಲುಚೀಲ ಬಿಡಿಸಿದಳು. ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿನ ಬುಡದವರೆಗೆ ಬೊಬ್ಬೆ ಒಡೆದು ಮಾಂಸ ಕಾಣುತ್ತಿತ್ತು. ಏನು ತಾಗಿತು, ಯಾವಾಗ ತಾಗಿತು ಎಂದು ನರ್ಸು ಕೇಳಿದಳು. ಮಾವ ಗೊತ್ತಿಲ್ಲ ಎಂದರು. ಅದು ನಿಜವೇ, ಅವರಿಗೆ ಗೊತ್ತಾಗಲು ಸಾಧ್ಯವೇ ಇರಲಿಲ್ಲ.

"ನಾನೇ," ಎಂದರು ಅತ್ತೆ. "ನೆನ್ನೆ ಬಿಸಿನೀರಿನ ಚೀಲ ಇಟ್ಟಿದ್ದೆ. ನಾನೇ ಕೈಯಾರೆ ಸುಟ್ಬಿಟ್ಟೆ."

ಅಳು ಒತ್ತರಿಸಿ ಬಂದು ಅವರು ಬೆಂಚಿನ ಮೇಲೆ ಕುಸಿದರು. ಸೊಸೆ ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟಳು. ಆಗಲೇ ಅವಳ ಕಣ್ಣಿಗೆ ಅದು ಬಿದ್ದದ್ದು. ಒಡೆದ ಬೊಬ್ಬೆಯ ಆಚೆ, ಚರ್ಮ ಇನ್ನೂ ಗಟ್ಟಿಯಿದ್ದ ಕಡೆ, ಎರಡು ಸಣ್ಣ ಕೆಂಪು ಗೆರೆಗಳು. ಒಂದರ ಪಕ್ಕ ಒಂದು, ನಡುವೆ ಒಂದು ಬೆರಳಿನ ಅಂತರ, ತುದಿಯಲ್ಲಿ ಒಂದಕ್ಕೊಂದು ಬಾಗಿ ಕೂಡಿಕೊಂಡಿದ್ದವು. ಅಷ್ಟೇ ಅಂತರದಲ್ಲಿ ತಂತಿಯನ್ನು ಬಗ್ಗಿಸಿ ಬಗ್ಗಿಸಿ ಹೊಲಿದವಳು ಅವಳು. ನೀರಿನ ಚೀಲ ಗೆರೆ ಎಳೆಯುವುದಿಲ್ಲ.

ಅಷ್ಟರಲ್ಲಿ ಗಂಡ ಕೆಲಸದಿಂದ ನೇರ ಓಡಿ ಬಂದ. ಅಪ್ಪನ ಕಾಲು ನೋಡಿ, ಅಮ್ಮನ ಮಾತು ಕೇಳಿ, ಹೆಂಡತಿಯ ಕಡೆ ತಿರುಗಿ, ನಿನ್ನ ಮ್ಯಾಟಿನಿಂದ ಏನೂ ಆಗಿಲ್ಲವಲ್ಲ ಎಂದು ಕೇಳಿದ. ಅನುಮಾನದಿಂದಲ್ಲ, ಎಲ್ಲವನ್ನೂ ಒಮ್ಮೆ ಕೇಳಿಬಿಡುವ ಅಭ್ಯಾಸ ಅವನದು.

"ಅದು ಬರೀ ಹದಿನೆಂಟು ವ್ಯಾಟ್," ಎಂದಳು ಅವಳು.

ಬಾಯಿಂದ ಬಿದ್ದ ಮೇಲೆಯೇ ಅವಳಿಗೆ ಆ ಮಾತು ಕೇಳಿಸಿದ್ದು. ಗಂಡ ತಲೆಯಾಡಿಸಿ ನರ್ಸಿನ ಹಿಂದೆ ಹೋದ. ಕರೆದು ಹೇಳಬಹುದಿತ್ತು. ಅವನು ತಿರುವು ದಾಟುವವರೆಗೂ ಅವನ ಬೆನ್ನನ್ನೇ ನೋಡುತ್ತ ಕೂತಳು. ಅತ್ತೆಯ ಬೆನ್ನ ಮೇಲಿದ್ದ ಕೈ ಅಲ್ಲೇ ಇತ್ತು.

ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡು ಮ್ಯಾಟನ್ನು ಸಿಕ್ಕಿಸಿ ಅಂಗೈ ಇಟ್ಟಳು. ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು, ಆಮೇಲೆ ಚುರುಗುಟ್ಟತೊಡಗಿತು. ಹಲ್ಲು ಕಚ್ಚಿ ಇಟ್ಟುಕೊಂಡಿರಲು ನೋಡಿದಳು. ಕೈ ತಾನಾಗಿಯೇ ಹಿಂದಕ್ಕೆ ಬಂತು. ಹಿಂದಕ್ಕೆ ಬರುವುದು ಗೊತ್ತಿದ್ದ ಕೈ ಅದು. ಅವಳು ಪ್ಲಗ್ ಕಿತ್ತು, ಕ್ಲಿಪ್ಪನ್ನು ಮೊದಲಿದ್ದಂತೆ ತಂತಿಯ ಕೊನೆಗೆ ಕಚ್ಚಿಸಿದಳು. ಈಗ ಯಾರು ಅಳೆದರೂ ಎಂಟು ಓಮ್, ಹದಿನೆಂಟು ವ್ಯಾಟ್. ಮಡಚಿ ಕಪಾಟಿನ ಮೇಲಕ್ಕೆ ಎಸೆದ ಮೇಲೆ, ತಾನು ಮಾಡಿದ್ದು ಏನು ಎಂಬುದು ಹೊಳೆದು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಮಾವ ಮನೆಗೆ ಬಂದ ಮೇಲೆ ಗಾಯಕ್ಕೆ ದಿನಾ ಪಟ್ಟಿ ಬದಲಾಯಿಸಬೇಕಿತ್ತು. ಅತ್ತೆ ಹತ್ತಿರ ಸುಳಿಯಲಿಲ್ಲ. ರಬ್ಬರ್ ಚೀಲವನ್ನು ಅವರು ಕತ್ತರಿಯಿಂದ ತುಂಡು ತುಂಡು ಮಾಡಿ ಕಸಕ್ಕೆ ಹಾಕಿದ್ದರು. ತನ್ನ ಕೈ ಸರಿಯಿಲ್ಲ, ನೀನೇ ಮಾಡು, ನಿನ್ನದು ಹದವಾದ ಕೈ ಎಂದು ಸೊಸೆಗೇ ಹತ್ತಿಯ ಡಬ್ಬಿ ಕೊಟ್ಟರು. ಅವಳು ದಿನಾ ಬೆಳಿಗ್ಗೆ ಮಾವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗಾಯ ಒರೆಸಿ, ಮುಲಾಮು ಹಚ್ಚಿ, ಪಟ್ಟಿ ಸುತ್ತುತ್ತಿದ್ದಳು. ಮಾವನಿಗೆ ನೋವಿಲ್ಲ, ಅವರು ಪೇಪರು ಓದುತ್ತ, ನಡುವೆ ಒಂದೊಂದು ಸುದ್ದಿಯನ್ನು ಗಟ್ಟಿಯಾಗಿ ಹೇಳುತ್ತ ಕೂತಿರುತ್ತಿದ್ದರು. ಆ ಎರಡು ಗೆರೆಗಳು ದಿನದಿಂದ ದಿನಕ್ಕೆ ಮಾಸುತ್ತ ಬಂದವು. ಗಾಯ ಮಾತ್ರ ಮಾಯಲಿಲ್ಲ.

ಬೇರೆ ಊರಿನಲ್ಲಿದ್ದ ಗಂಡನ ಅಕ್ಕ ಫೋನಿನಲ್ಲೇ ಅಮ್ಮನನ್ನು ತರಾಟೆಗೆ ತೆಗೆದುಕೊಂಡಳು. ಸ್ಪೀಕರ್ ಹಾಕಿತ್ತು, ಮನೆಯವರೆಲ್ಲರಿಗೂ ಕೇಳಿಸುತ್ತಿತ್ತು. ಸ್ಪರ್ಶವಿಲ್ಲದ ಕಾಲಿಗೆ ಕುದಿಯೋ ನೀರು ಇಡುವವರು ಯಾರಾದರೂ ಇದ್ದಾರೆಯೇ, ಸೊಸೆ ಅಷ್ಟು ಜೋಪಾನವಾಗಿ ಲೆಕ್ಕ ಹಾಕಿ ಮಾಡಿಕೊಟ್ಟಿರುವಾಗ ನಿನಗೇನು ಅವಸರವಾಗಿತ್ತು ಎಂದಳು. ಅತ್ತೆ ಎದುರಾಡಲಿಲ್ಲ. ಹೂಂ, ಹೂಂ ಎನ್ನುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಸೊಸೆ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

ಕಾಲೇಜಿನಲ್ಲೂ ಅವಳಿಗೆ ನೆಮ್ಮದಿಯಿರಲಿಲ್ಲ. ಒಂದು ದಿನ ಹುಡುಗಿಯೊಬ್ಬಳ ರೀಡಿಂಗುಗಳು ಅನುಮಾನ ಬರುವಷ್ಟು ಚೆಂದವಾಗಿದ್ದವು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಪ್ರತಿ ಸಲವೂ ಒಂದೇ ಉತ್ತರ, ಕೂದಲಷ್ಟೂ ಆಚೀಚೆಯಿಲ್ಲ. ಉತ್ತರ ಮೊದಲೇ ತಿಳಿದುಕೊಂಡು ಅದಕ್ಕೆ ತಕ್ಕಂತೆ ಅಂಕಿ ಬರೆದದ್ದು ಸ್ಪಷ್ಟವಾಗಿತ್ತು. ಬೇರೆ ದಿನವಾಗಿದ್ದರೆ ಲ್ಯಾಬ್ ಮೇಡಂ ಹುಡುಗಿಯ ಜನ್ಮ ಜಾಲಾಡುತ್ತಿದ್ದಳು. ಇಂಥ ವಿಷಯದಲ್ಲಿ ಅವಳು ಕಡ್ಡಿ ಮುರಿದಂತೆ ಮಾತಾಡುವವಳು ಎಂದು ಹೆಸರಾಗಿತ್ತು. ಹುಡುಗಿ ಬೈಗುಳಕ್ಕೆ ಕಾದು ನಿಂತೇ ಇದ್ದಳು. ಅವತ್ತು ಮೇಡಂ ಸಹಿ ಹಾಕಿ ಕಳಿಸಿಬಿಟ್ಟಳು. ಅದೂ ಒಂದು ಮುಳ್ಳಾಗಿ ಉಳಿಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಕಿರುಬೆರಳು ಕಪ್ಪಾಯಿತು. ಅದನ್ನು ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ಮಾವ, ಕ್ಲಚ್ಚು ಒತ್ತುವುದಕ್ಕೆ ಆ ಬೆರಳು ಯಾವತ್ತೂ ಬೇಕಾಗಿರಲಿಲ್ಲ ಬಿಡಿ ಎಂದು ತಮಾಷೆ ಮಾಡಿದರು. ಯಾರೂ ನಗಲಿಲ್ಲ. ಬೆರಳು ಹೋಯಿತು, ಕಾಲು ಉಳಿಯಿತು, ಮಾವ ಮನೆಗೆ ಬಂದರು. ಅತ್ತೆ ಮಾತ್ರ ಅಲ್ಲೇ ಎಲ್ಲೋ ಉಳಿದುಹೋದವರಂತಿದ್ದರು. ಮೊದಲೆಲ್ಲ ಸಂಜೆ ಗಂಡನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಬೀದಿಯ ಮೇಲೆ ಹೋಗುವವರನ್ನೆಲ್ಲ ಆಡಿಕೊಂಡು ನಗುತ್ತಿದ್ದವರು ಈಗ ಅಡುಗೆಮನೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಸೊಸೆಯನ್ನು ಕರೆದು ರುಚಿ ನೋಡಿಸುತ್ತಿದ್ದರು. ತಮ್ಮ ಕೈಯ ಮೇಲೆಯೇ ಅವರಿಗೆ ನಂಬಿಕೆ ಹೋಗಿತ್ತು.

ಒಂದು ಮಧ್ಯಾಹ್ನ ಮಾವ ಮಲಗಿದ್ದರು. ಅತ್ತೆ ಒಲೆಯ ಮೇಲೆ ಹಾಲಿಟ್ಟು, ಬಾಗಿಲನ್ನು ಸ್ವಲ್ಪ ಮುಂದೆ ಮಾಡಿ, ಸೊಸೆಯನ್ನು ಹತ್ತಿರ ಕರೆದರು.

"ನಿಂಗೆ ಈ ಬಿಸಿ-ಗಿಸಿ ಲೆಕ್ಕ ಎಲ್ಲ ಗೊತ್ತಲ್ಲ," ಎಂದರು ದನಿ ತಗ್ಗಿಸಿ. "ಒಂದು ಲೆಕ್ಕ ಮಾಡಿ ಹೇಳ್ತೀಯಾ? ನೀರು ಕುದೀತಿತ್ತು. ಇಳಿಸಿದ ತಕ್ಷಣ ಚೀಲಕ್ಕೆ ಹಾಕಿದೆ. ಹಾಗಲ್ದೆ ಸ್ವಲ್ಪ ಹೊತ್ತು ಆರೋಕೆ ಬಿಟ್ಟಿದ್ರೆ ಅವರ ಬೆರಳು ಉಳೀತಿತ್ತಾ? ಎಷ್ಟು ಹೊತ್ತು ಬಿಡ್ಬೇಕಾಗಿತ್ತು? ನನ್ನ ಸಮಾಧಾನಕ್ಕೆ ಹೇಳ್ಬೇಡ. ಸರಿಯಾಗಿ ಲೆಕ್ಕ ಹಾಕಿ ಹೇಳು."

ಅತ್ತೆ ಇಷ್ಟು ದಿನ ಒಬ್ಬರೇ ಆ ನೀರನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಕಾಯಿಸಿ, ಮತ್ತೆ ಮತ್ತೆ ಆರಿಸಿ ನೋಡುತ್ತಿದ್ದರು. ಈಗಲೂ ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಚೀಲದ ದಪ್ಪ, ಟವೆಲ್ಲಿನ ಸುತ್ತು, ಲೆಕ್ಕ ಸಿಗುವುದಿಲ್ಲ ಅತ್ತೆ, ಬಿಟ್ಟುಬಿಡಿ ಎನ್ನಬಹುದಿತ್ತು. ಆ ಮಾತು ಬಾಯಿಯವರೆಗೂ ಬಂತು. ಅತ್ತೆ ಮುಖವೆತ್ತಿ, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಅವಳನ್ನೇ ನೋಡುತ್ತಿದ್ದರು.

"ಚೀಲದಿಂದ ಅಲ್ಲ ಅತ್ತೆ," ಎಂದಳು. "ನನ್ನ ಮ್ಯಾಟಿಂದ."

ಅತ್ತೆಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಹದಿನೆಂಟಿದ್ದದ್ದನ್ನು ಮೂವತ್ತಾರು ಮಾಡಿದ್ದು, ಅಷ್ಟೂ ಶಾಖ ಅರ್ಧ ತಂತಿಯಲ್ಲಿ ಸೇರಿಕೊಂಡದ್ದು, ಅವಸರದಲ್ಲಿ ಕೈಯಿಟ್ಟು ನೋಡದೆ ಹೋದದ್ದು, ಕಾಲಿನ ಮೇಲಿನ ಗೆರೆಗಳು, ಎಲ್ಲ ಹೇಳಿದಳು. ಆಮೇಲೆ ಕ್ಲಿಪ್ಪನ್ನು ಮೊದಲಿನ ಜಾಗಕ್ಕೆ ತಂದಿಟ್ಟದ್ದನ್ನೂ ಹೇಳಿದಳು. ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಅತ್ತೆ ಒಲೆ ಆರಿಸಿದರು. ಬಟ್ಟೆ ತೆಗೆದುಕೊಂಡು ಚೆಲ್ಲಿದ್ದನ್ನೆಲ್ಲ ನಿಧಾನವಾಗಿ ಒರೆಸಿದರು.

"ಆವತ್ತು ಆಸ್ಪತ್ರೇಲೇ ನಿಂಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ನಾನು ಅಳ್ತಾ ಇದ್ದಾಗ ನೀನು ನನ್ನ ಬೆನ್ನು ಸವರ್ತಿದ್ದೆ."

ಅತ್ತೆ ಬೈದಿದ್ದರೆ, ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬಟ್ಟೆಯನ್ನು ಹಿಂಡಿ ಒಣಗಲು ಹಾಕಿ, ಬೆನ್ನು ತಿರುಗಿಸಿಕೊಂಡೇ ಹೇಳಿದರು:

"ಅವರಿಗೆ ನೀನೇ ಹೇಳು. ನನ್ನ ಮಗನಿಗೂ ಹೇಳು. ಮಗಳಿಗೂ ಫೋನ್ ಮಾಡಿ ಹೇಳು. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ."

ಆ ಸಂಜೆಯೇ ಹೇಳಿದಳು. ಮಾವನ ಕುರ್ಚಿಯೆದುರು ನೆಲದ ಮೇಲೆ ಕೂತು, ಗಂಡನೂ ಅಲ್ಲಿರುವಾಗಲೇ ಹೇಳಿದಳು. ಮೊದಲ ಮಾತು ಹೊರಡುವುದೇ ಕಷ್ಟವಾಯಿತು. ಆಮೇಲೆ ಅಂಕಿಗಳು ಕೈ ಹಿಡಿದು ನಡೆಸಿದವು. ಮಾವ ಕೊನೆಯವರೆಗೂ ಕೇಳಿ, ಇನ್ನೂ ಬಿಸಿ ಬೇಕೆಂದು ಪೀಡಿಸಿದ್ದು ತಾನೇ ಅಲ್ಲವೇ, ಬೆರಳಿನ ಮಾತು ಅಲ್ಲಿಗೆ ಬಿಡು ಎಂದರು. ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವರ ದನಿ ಬದಲಾಯಿತು.

"ಆದ್ರೆ ಇಷ್ಟು ದಿನ ಅವಳು ನನ್ನ ಪಕ್ಕ ಬಂದು ಕೂತಿಲ್ಲ ಕಣಮ್ಮ. ನನ್ನ ಕಾಲ ಕಡೆ ಕಣ್ಣೆತ್ತಿ ನೋಡಿಲ್ಲ. ಅದನ್ನ ದಿನಾ ನೋಡ್ಕೊಂಡು ನೀನು ಪಟ್ಟಿ ಕಟ್ತಿದ್ಯಲ್ಲ."

ಮೇಡಂ ಎನ್ನಲಿಲ್ಲ. ಪೇಪರನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಗಂಡ ಎದ್ದು ಬಾಲ್ಕನಿಗೆ ಹೋದ. ಅವಳು ಹಿಂದೆಯೇ ಹೋದಳು. ಅವನು ಕಂಬಿ ಹಿಡಿದು ಕೆಳಗೆ ನೋಡುತ್ತ, ತಪ್ಪು ಯಾರ ಕೈಯಲ್ಲೂ ಆಗುತ್ತದೆ, ಆದರೆ ನಾನು ಕೇಳಿದಾಗ ಹದಿನೆಂಟು ಎಂದೆಯಲ್ಲ, ಅದು ಮಾತ್ರ ಹೇಗೆ ಬಂತು ನಿನ್ನ ಬಾಯಲ್ಲಿ ಎಂದು ಕೇಳಿದ. ಅವಳು ಉತ್ತರ ಹುಡುಕಿದಳು. ಹೆದರಿಕೆಯಾಯಿತು ಎನ್ನುವುದು ನಿಜವೇ ಆದರೂ ಅದಷ್ಟೇ ಅಲ್ಲ. ಎಲ್ಲರೂ ಆ ಸಂಖ್ಯೆಯನ್ನು ಹೊಗಳಿ ಹೊಗಳಿ ಅದು ತನ್ನದೇ ಹೆಸರಿನ ಹಾಗೆ ಆಗಿಬಿಟ್ಟಿತ್ತು ಎಂದಳು. ಅವನಿಗೆ ಅದು ಅರ್ಥವಾಯಿತೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.

ಗಂಡನ ಅಕ್ಕ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು. ಅಮ್ಮನಿಗೆ ಫೋನ್ ಕೊಡು ಎಂದಷ್ಟೇ ಹೇಳಿದಳು. ಅತ್ತೆ ಫೋನು ಹಿಡಿದು ಕೋಣೆಯೊಳಗೆ ಹೋದರು. ಒಳಗಿಂದ ಮೊದಲು ಅಳು, ಎಷ್ಟೋ ಹೊತ್ತಿನ ಮೇಲೆ ಸಣ್ಣಗೆ ಮಾತು ಕೇಳಿಸಿತು.

ಮಾರನೆಯ ಬೆಳಿಗ್ಗೆ ಅವಳು ಹತ್ತಿಯ ಡಬ್ಬಿ ತೆಗೆಯಲು ಹೋದರೆ ಅದು ಅಲ್ಲಿರಲಿಲ್ಲ. ಅತ್ತೆ ಆಗಲೇ ಗಂಡನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಟ್ಟಿ ಸೊಟ್ಟಗೆ ಸುತ್ತಿಕೊಳ್ಳುತ್ತಿತ್ತು. ಬಿಚ್ಚಿ ಮತ್ತೆ ಸುತ್ತಿದರು. ಮಾವ ಪೇಪರು ಓದುತ್ತಿರಲಿಲ್ಲ, ಹೆಂಡತಿಯನ್ನೇ ನೋಡುತ್ತಿದ್ದರು. ಅವಳು ಬಾಗಿಲಿನಿಂದಲೇ ಹಿಂದಕ್ಕೆ ಸರಿದಳು.

ಮನೆಯಲ್ಲಿ ಯಾರೂ ಅವಳ ಜೊತೆ ಮಾತು ಬಿಡಲಿಲ್ಲ. ಬೇಳೆ ಮುಗಿದಿದೆ, ಗ್ಯಾಸಿನವನು ಬಂದಿದ್ದ, ಮಳೆ ಬರುವಂತಿದೆ ಎನ್ನುವ ಮಾತೆಲ್ಲ ನಡೆಯುತ್ತಿತ್ತು. ಆದರೆ ಗಂಡ, ಬೀಗ ಹಾಕಿದೆಯಾ ಎಂದು ಕೇಳಿ ಅವಳು ಹೂಂ ಎಂದ ಮೇಲೂ ಎದ್ದುಹೋಗಿ ಒಮ್ಮೆ ಚಿಲಕ ಎಳೆದು ನೋಡುತ್ತಿದ್ದ. ಬೇಕೆಂದು ಮಾಡುತ್ತಿದ್ದನೆಂದಲ್ಲ. ಅತ್ತೆ ಅವಳನ್ನು ಸಾರಿನ ರುಚಿ ನೋಡಲು ಕರೆಯುವುದನ್ನು ನಿಲ್ಲಿಸಿದರು. ಅದು ಒಳ್ಳೆಯದೇ, ಅವರ ನಂಬಿಕೆ ಅವರಿಗೆ ವಾಪಸು ಬಂದಿದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೂ ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಬಂದಾಗ ಕಿವಿ ತಾನಾಗಿಯೇ ಆ ಕಡೆ ತಿರುಗುತ್ತಿತ್ತು.

ಗಾಯ ಪೂರ್ತಿ ಮಾಯ್ದ ಮೇಲೆ, ಮಾವನಿಗೆ ಅಳತೆ ಕೊಟ್ಟು ಬೂಟು ಮಾಡಿಸಬೇಕೆಂದು ಡಾಕ್ಟರು ಹೇಳಿದರು. ಅಂಥ ಕಾಲುಗಳಿಗೆಂದೇ ಬೂಟು ಹೊಲಿಯುವವನೊಬ್ಬನ ಅಂಗಡಿ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಗಂಡನಿಗೆ ರಜೆ ಸಿಗಲಿಲ್ಲ. ಅವಳು ಅತ್ತೆ ಮಾವನನ್ನು ಕರೆದುಕೊಂಡು ಹೋದಳು. ಚರ್ಮ ಮತ್ತು ಅಂಟಿನ ವಾಸನೆಯ ಸಣ್ಣ ಅಂಗಡಿ. ಗೋಡೆಯುದ್ದಕ್ಕೂ ಮರದ ಪಾದಗಳು ಸಾಲಾಗಿ ನೇತಾಡುತ್ತಿದ್ದವು. ಬೂಟಿನವನು ಮಾವನನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಗದದ ಮೇಲೆ ಕಾಲಿಡಿಸಿ, ಪೆನ್ಸಿಲ್ಲಿನಿಂದ ಸುತ್ತಲೂ ಗೆರೆ ಎಳೆದ. ಬೆರಳಿಲ್ಲದ ಜಾಗದಲ್ಲಿ ಪೆನ್ಸಿಲ್ಲು ಒಳಗೆ ತಿರುಗಿತು. ಅಲ್ಲಿ ಮೆತ್ತೆ ತುಂಬಬೇಕಾಗುತ್ತದೆ ಎನ್ನುತ್ತ, ಇದು ಹೇಗಾಯಿತು ಎಂದು ಕೇಳಿದ.

ಮಾವ ಗಂಟಲು ಸರಿಮಾಡಿಕೊಂಡರು. "ಮನೇಲೇ, ಹೀಗೇ ಸುಟ್ಕೊಂಡೆ," ಎಂದರು.

ಅಷ್ಟಕ್ಕೆ ಬಿಡಬಹುದಿತ್ತು. ಬೂಟಿನವನಿಗೆ ಅದಕ್ಕಿಂತ ಹೆಚ್ಚು ಬೇಕೂ ಆಗಿರಲಿಲ್ಲ; ಅವನು ಆಗಲೇ ಟೇಪು ಹಿಡಿದು ಹಿಮ್ಮಡಿಯ ಅಳತೆಗೆ ಬಗ್ಗಿದ್ದ.

"ನಾನು ಮಾಡಿಕೊಟ್ಟ ಹೀಟರ್‌ನಿಂದ ಸುಟ್ಟಿದ್ದು," ಎಂದಳು ಅವಳು. "ಮೂವತ್ತಾರು ವ್ಯಾಟ್ ಇಟ್ಟಿದ್ದೆ. ಕೈಯಿಟ್ಟು ನೋಡಿರಲಿಲ್ಲ."

ಬೂಟಿನವನು ತಲೆಯೆತ್ತಿ ಅವಳನ್ನು ನೋಡಿದ. ಹಾಗಾದರೆ ಒಳಗಿನ ಮೆತ್ತೆಯನ್ನು ಇನ್ನೂ ಮೃದುವಾದದ್ದನ್ನೇ ಹಾಕುತ್ತೇನೆ ಎಂದು ಮತ್ತೆ ಬಗ್ಗಿದ. ಮಾವ ಗೋಡೆಯ ಮೇಲಿನ ಮರದ ಪಾದಗಳನ್ನು ನೋಡುತ್ತ ಕೂತಿದ್ದರು.

ಅತ್ತೆ ಗೋಡೆಬದಿಯ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಔಷಧಿಯ ಚೀಲ, ತರಕಾರಿಯ ಚೀಲ, ಛತ್ರಿ. ಬಂದಾಗಿನಿಂದ ಅವಳು ನಿಂತೇ ಇದ್ದಳು. ಅತ್ತೆ ಅವಳ ಮುಖ ನೋಡಲಿಲ್ಲ. ತರಕಾರಿಯ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು, ಛತ್ರಿಯನ್ನು ಗೋಡೆಗೆ ಒರಗಿಸಿದರು, ತಾವೂ ಒಂದಿಷ್ಟು ಆಚೆ ಸರಿದರು.

ಅವಳು ಹೋಗಿ ಆ ಜಾಗದಲ್ಲಿ ಕೂತಳು.